ದೇವಚಂದ್ರನ ‘ರಾಜಾವಳಿಕಥೆ’: ಹತ್ತೊಂಬತ್ತನೆಯ ಶತಮಾನದ ಮೈಸೂರಿನ ಒಂದು ಸಾಕ್ಷ್ಯ

ಕರ್ನಾಟಕದ ಜೈನ ಇತಿಹಾಸವನ್ನು ಕುರಿತು ಬರೆದವರಲ್ಲಿ ದೇವಚಂದ್ರನ ‘ರಾಜಾವಳಿಕಥೆ’ಯನ್ನು ಹೆಸರಿಸದವರು ವಿರಳ, ಅದನ್ನು ಪೂರ್ಣವಾಗಿ ನಂಬಿದವರೂ ವಿರಳ. ಶ್ರವಣಬೆಳಗೊಳದ ಭದ್ರಬಾಹು–ಚಂದ್ರಗುಪ್ತರ ಪರಂಪರೆಯನ್ನು ಸಮರ್ಥಿಸಿದವರು ಈ ಗ್ರಂಥವನ್ನು ಆಧಾರವಾಗಿ ಹಿಡಿದರು. ಅದನ್ನು ನಿರಾಕರಿಸಿದವರು, 1838ರಲ್ಲಿ ರಚಿತವಾದ ಕೃತಿಯೊಂದು ಕ್ರಿಸ್ತಪೂರ್ವದ ಸಂಗತಿಗಳಿಗೆ ಪ್ರಮಾಣವಾಗಲಾರದೆಂದು ಅದನ್ನು ಬದಿಗಿಟ್ಟರು. ಈ ಎರಡು ನಿಲುವುಗಳ ನಡುವೆ ಗ್ರಂಥದ ನಿಜವಾದ ಬೆಲೆ ಮರೆಯಾಗಿ ಉಳಿಯಿತು. ‘ರಾಜಾವಳಿಕಥೆ’ಯು ಮೊದಲನೆಯದಾಗಿ ತಾನು ಹುಟ್ಟಿದ ಕಾಲದ, ಎಂದರೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಮೈಸೂರು ಸೀಮೆಯ ಸಾಕ್ಷ್ಯ. ಆ ಕಾಲದ ಜೈನ ವಿದ್ವಾಂಸನ ಕೈಗೆ ಯಾವ ಯಾವ ಪರಂಪರೆಗಳು ತಲುಪಿದ್ದವು, ಅವು ಎಷ್ಟು ಹಳೆಯವು ಎಂಬುದನ್ನು ಅದರಿಂದ ತಿಳಿಯಬಹುದು. ಈ ದೃಷ್ಟಿಯಿಂದ ನೋಡಿದಾಗ, ದೋಷವೆಂದು ಎಣಿಸಲ್ಪಟ್ಟ ಒಂದು ಅಂಶವೇ ಗ್ರಂಥಕರ್ತನ ಪ್ರಾಮಾಣಿಕತೆಗೆ ನಿದರ್ಶನವಾಗುತ್ತದೆ.

ಕಾಲ ಮತ್ತು ಸನ್ನಿವೇಶ

1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಅದೇ ವರ್ಷದ ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ದಿವಾನ್ ಪೂರ್ಣಯ್ಯನವರ ಆಡಳಿತದ ತರುವಾಯ ಮಹಾರಾಜರು ತಾವೇ ರಾಜ್ಯಭಾರ ವಹಿಸಿಕೊಂಡರು. ನಗರದ ದಂಗೆಯ ನೆಪದಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಅದು ರಾಜವಂಶಕ್ಕೆ ಮರಳಿ ದೊರೆತುದು 1881ರಲ್ಲಿ. ಈ ಐವತ್ತು ವರ್ಷಗಳಲ್ಲಿ ಮೊದಲ ಮೂವತ್ತೇಳನ್ನು, 1868ರಲ್ಲಿ ತೀರಿಕೊಳ್ಳುವವರೆಗೆ, ಮುಮ್ಮಡಿಯವರು ಅಧಿಕಾರವಿಲ್ಲದ ಅರಸರಾಗಿ ಕಳೆದರು. ಆದರೆ ಅರಮನೆಯು ವಿದ್ಯೆಗೆ ಆಶ್ರಯವಾಗಿಯೇ ಉಳಿಯಿತು. ‘ಶ್ರೀತತ್ತ್ವನಿಧಿ’ಯಂತಹ ಬೃಹತ್ ಸಂಗ್ರಹವೂ ಮಹಾರಾಜರ ಹೆಸರಿನಲ್ಲಿರುವ ಅನೇಕ ಕನ್ನಡ ಗದ್ಯಕೃತಿಗಳೂ ಆ ಆಶ್ರಯದ ಫಲ.

ಜೈನರೊಡನೆ ಅರಮನೆಯ ಸಂಬಂಧ ನಿಕಟವಾಗಿತ್ತು. 1825ರಲ್ಲಿ ಶ್ರವಣಬೆಳಗೊಳದ ಗೊಮ್ಮಟೇಶ್ವರನಿಗೆ ಮಹಾಮಸ್ತಕಾಭಿಷೇಕ ನಡೆಯಿತು. ಆಸ್ಥಾನದ ಜೈನ ಕವಿ ಶಾಂತರಾಜ ಪಂಡಿತನು ಮೂರ್ತಿಯ ಅಳತೆಯನ್ನು ಸಂಸ್ಕೃತ ಶ್ಲೋಕಗಳಲ್ಲಿ ನಿರೂಪಿಸಿದನು. ಮಹಾರಾಜರ ಅಂಗರಕ್ಷಕರಲ್ಲಿ ಪ್ರಮುಖನೂ ಚಾವುಂಡರಾಯನ ವಂಶಜನೂ ಆಗಿದ್ದ ದೇವರಾಜ ಅರಸನು ಮಸ್ತಕಾಭಿಷೇಕದ ದಿನದಂದೇ ಸ್ವರ್ಗಸ್ಥನಾದುದನ್ನೂ, ಅವನ ಮಗನು ದತ್ತಿ ಬಿಟ್ಟುದನ್ನೂ ಬೆಟ್ಟದ ಮೇಲಿನ 1827ರ ಶಾಸನ ಹೇಳುತ್ತದೆ. ಮಠದ ಹಿಂದಿನ ದತ್ತಿಗಳನ್ನು ಸ್ಥಿರಪಡಿಸಿದ 1830ರ ಸನದು ಮುಮ್ಮಡಿಯವರದೇ. ‘ರಾಜಾವಳಿಕಥೆ’ಯು ಹುಟ್ಟಿದುದು ಇಂತಹ ವಾತಾವರಣದಲ್ಲಿ.

ಕನಕಗಿರಿಯ ಭೇಟಿ

ದೇವಚಂದ್ರನು (1770–1841) ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿಯವನು. ಪೂಜ್ಯಪಾದರ ನೆನಪನ್ನು ಉಳಿಸಿಕೊಂಡು ಬಂದಿರುವ ಈ ಕ್ಷೇತ್ರವು ಪ್ರಾಚೀನ ಜೈನ ಕೇಂದ್ರಗಳಲ್ಲೊಂದು. ಮೈಸೂರು ರಾಜ್ಯದ ಮೋಜಣಿಗೆಂದು ನೇಮಕಗೊಂಡಿದ್ದ ಕಾಲಿನ್ ಮೆಕೆಂಜಿಯು 1804ರಲ್ಲಿ ಇಲ್ಲಿಗೆ ಬಂದು ಸ್ಥಳದ ಪೂರ್ವವೃತ್ತಾಂತವನ್ನು ವಿಚಾರಿಸಿದನು. ಆಗ ದೇವಚಂದ್ರನಿಗೆ ಮೂವತ್ತನಾಲ್ಕು ವರ್ಷ. ಈ ಭೇಟಿಯ ಸಂಗತಿಯನ್ನು ಅವನೇ ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ.

ಮೆಕೆಂಜಿಯ ಕಾರ್ಯವು ಭೂಮಿಯನ್ನು ಅಳೆಯುವುದಕ್ಕೆ ಸೀಮಿತವಾಗಿರಲಿಲ್ಲ. ಕೈಫಿಯತ್ತು, ಶಾಸನಪ್ರತಿ, ಓಲೆಗರಿ, ನಾಣ್ಯ, ಚಿತ್ರ ಮೊದಲಾದವನ್ನು ಅವನು ತನ್ನ ಸಹಾಯಕರ ಮೂಲಕ ಕೂಡಿಸಿದನು. ಜೈನ ಅರ್ಚಕರೊಬ್ಬರು ಹೇಳಿದ ವಿವರಗಳನ್ನು ಅವನ ಸಹಾಯಕ ಕಾವಲಿ ಬೊರಯ್ಯನು ಅನುವಾದಿಸಿದನು. ಅದು ‘ಏಷಿಯಾಟಿಕ್ ರಿಸರ್ಚಸ್’ ಎಂಬ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಯಿತು. 1821ರಲ್ಲಿ ಮೆಕೆಂಜಿ ತೀರಿಕೊಂಡನು. ಅವನ ಸಂಗ್ರಹಕ್ಕೆ ವಿಲ್ಸನ್ ಸಿದ್ಧಪಡಿಸಿದ ಸೂಚಿ 1828ರಲ್ಲಿ ಹೊರಬಂದಿತು. ದಕ್ಷಿಣದ ಭಾಷೆಗಳ ಪ್ರತಿಗಳ ಬಹುಭಾಗ ಮದರಾಸಿಗೆ ಸೇರಿತು.

ಹೀಗೆ ಸ್ಥಳದ ಸಾಮಗ್ರಿ ದೂರದ ಭಂಡಾರಗಳಿಗೆ ಸಾಗಿದ ಕಾಲದಲ್ಲಿಯೇ ಸ್ಥಳದ ವಿದ್ವಾಂಸನೊಬ್ಬನು ತನಗೆ ಗೊತ್ತಿದ್ದುದನ್ನೆಲ್ಲ ತನ್ನ ಭಾಷೆಯಲ್ಲಿ, ತನ್ನ ಕ್ರಮದಲ್ಲಿ ಬರೆದಿಟ್ಟನು. ಮೆಕೆಂಜಿಯ ಪ್ರಶ್ನೆಗಳು ಅವನ ಆಸಕ್ತಿಯನ್ನು ಕೆರಳಿಸಿರಬಹುದು. ಆದರೆ ಗ್ರಂಥವು ಪೂರ್ಣಗೊಂಡುದು ಮೂರು ದಶಕಗಳಿಗೂ ಹೆಚ್ಚು ಕಾಲದ ಬಳಿಕ, 1838ರಲ್ಲಿ. ಅದೂ ಮೈಸೂರು ರಾಜಮನೆತನದ ದೇವೀರಮ್ಮಣ್ಣಿಯವರ ಅಪೇಕ್ಷೆಯಂತೆ. ಆದುದರಿಂದ ಇದನ್ನು ವಿದೇಶೀಯ ಅಧಿಕಾರಿಗಾಗಿ ಬರೆದ ವರದಿಯೆಂದು ಭಾವಿಸುವುದು ಸರಿಯಲ್ಲ.

ಗ್ರಂಥದ ಸ್ವರೂಪ

‘ರಾಜಾವಳಿಕಥೆ’ಯು ಹನ್ನೊಂದು ಅಧಿಕಾರಗಳಾಗಿ ವಿಭಾಗಗೊಂಡ ಗದ್ಯಕೃತಿ. ಲೋಕಸ್ವರೂಪ, ಕಾಲವಿಭಾಗ, ತೀರ್ಥಂಕರರ ವೃತ್ತಾಂತ ಮೊದಲಾದ ಪುರಾಣಭಾಗದಿಂದ ತೊಡಗಿ, ಆಚಾರ್ಯರ ಮತ್ತು ಕವಿಗಳ ಕಥೆಗಳನ್ನೂ ಹೊಯ್ಸಳಾದಿ ರಾಜವಂಶಗಳ ವೃತ್ತಾಂತಗಳನ್ನೂ ಹೇಳುತ್ತ, ಅದು ಮೈಸೂರು ಒಡೆಯರವರೆಗೆ ಬರುತ್ತದೆ. ಸಮಂತಭದ್ರ, ಪೂಜ್ಯಪಾದ, ಅಕಳಂಕರ ಕಥೆಗಳು ಇಲ್ಲಿವೆ. ಬಿಟ್ಟಿದೇವನ ಮತಾಂತರದ ಕಥೆಯೂ, ನಾಗಚಂದ್ರನೊಡನೆ ವಾದಿಸಿದಳೆನ್ನಲಾದ ಕಂತಿಯ ಕಥೆಯೂ ಇಲ್ಲಿವೆ. ಆರ್. ನರಸಿಂಹಾಚಾರ್ಯರು ‘ಕರ್ನಾಟಕ ಕವಿಚರಿತೆ’ಯನ್ನು ರಚಿಸುವಾಗ ಈ ಗ್ರಂಥವನ್ನು ಹಲವೆಡೆ ಬಳಸಿಕೊಂಡುದು ವಿದ್ವಾಂಸರಿಗೆ ವಿದಿತವೇ ಆಗಿದೆ.

ದೇವಚಂದ್ರನು ಕೇವಲ ಕಥೆಗಾರನಲ್ಲ. ‘ರಾಮಕಥಾವತಾರ’ವೆಂಬ ಚಂಪೂಕಾವ್ಯವೂ ಕೆಲವು ಶತಕಗಳೂ ಶಾಸ್ತ್ರಗ್ರಂಥಗಳೂ ಅವನ ಹೆಸರಿನಲ್ಲಿವೆ. ನಾಗಚಂದ್ರನ ರಾಮಾಯಣ ಪರಂಪರೆಯನ್ನು ಅವನು ಬಲ್ಲವನಾಗಿದ್ದನು. ಹಳೆಯ ಕನ್ನಡ ಗ್ರಂಥಗಳನ್ನು ಓಲೆಗರಿಯಲ್ಲಿಯೇ ಓದಿದ ಕೊನೆಯ ತಲೆಮಾರುಗಳಿಗೆ ಸೇರಿದ ಪಂಡಿತನು ಅವನೆಂಬ ಅಂಶ ಮುಂದಿನ ಚರ್ಚೆಗೆ ಮುಖ್ಯವಾದುದು.

ರೈಸ್ ಮತ್ತು ಫ್ಲೀಟ್

ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಅದರ ಪೀಠಿಕೆಯಲ್ಲಿ ಅವರು ‘ರಾಜಾವಳಿಕಥೆ’ಯ ಭದ್ರಬಾಹು ಪ್ರಕರಣವನ್ನು ವಿಸ್ತಾರವಾಗಿ ಬಳಸಿಕೊಂಡರು. ಹದಿನಾರು ಕನಸುಗಳನ್ನು ಕಂಡ ಚಂದ್ರಗುಪ್ತನು, ಹನ್ನೆರಡು ವರ್ಷಗಳ ಕ್ಷಾಮ ಬರುವುದೆಂದು ಭದ್ರಬಾಹು ಮುನಿಗಳಿಂದ ತಿಳಿದು, ಮಗನಾದ ಸಿಂಹಸೇನನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆ ವಹಿಸಿ, ಸಂಘದೊಡನೆ ದಕ್ಷಿಣಕ್ಕೆ ಬಂದನೆಂಬುದು ಆ ಪ್ರಕರಣದ ಸಾರ. ಚಂದ್ರಗಿರಿಯ ಒಂದನೆಯ ಶಾಸನವು ಸುಮಾರು ಕ್ರಿ. ಶ. 600ರದು. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ದುರ್ಭಿಕ್ಷವನ್ನು ಸೂಚಿಸಿದುದನ್ನೂ ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟುದನ್ನೂ ಅದು ಹೇಳುತ್ತದೆ. ಕಟವಪ್ರದಲ್ಲಿ ಸಮಾಧಿ ಹೊಂದಿದವರೆಂದು ಪ್ರಭಾಚಂದ್ರರನ್ನು ಹೆಸರಿಸುತ್ತದೆ. ಪ್ರಭಾಚಂದ್ರ ಎಂಬುದು ಚಂದ್ರಗುಪ್ತನ ದೀಕ್ಷಾನಾಮವೆಂದು ರೈಸ್ ಊಹಿಸಿದರು.

ಜೆ. ಎಫ್. ಫ್ಲೀಟ್ ಅವರು 1892ರಲ್ಲಿ ಇದನ್ನು ತೀವ್ರವಾಗಿ ವಿರೋಧಿಸಿದರು. ಶಾಸನದಲ್ಲಿ ಉಕ್ತವಾದ ಭದ್ರಬಾಹು ಶ್ರುತಕೇವಲಿಯಲ್ಲ, ತರುವಾಯದ ಇನ್ನೊಬ್ಬ ಆಚಾರ್ಯ. ಚಂದ್ರಗುಪ್ತ ಎಂಬುದು ಗುಪ್ತಿಗುಪ್ತನೆಂಬ ಶಿಷ್ಯನ ಹೆಸರಿನಿಂದ ಹುಟ್ಟಿದ ಭ್ರಾಂತಿ ಎಂಬುದು ಅವರ ವಾದ. ‘ರಾಜಾವಳಿಕಥೆ’ಯು ತೀರ ಈಚಿನದಾದುದರಿಂದ ಅದಕ್ಕೆ ಪ್ರಾಮಾಣ್ಯವಿಲ್ಲವೆಂದು ಅವರು ತಳ್ಳಿಹಾಕಿದರು. 1923ರಲ್ಲಿ 500 ಶಾಸನಗಳೊಡನೆ ಪರಿಷ್ಕೃತ ಸಂಪುಟವನ್ನು ಹೊರತಂದ ನರಸಿಂಹಾಚಾರ್ಯರು ಪರಂಪರೆಯ ಪಕ್ಷವನ್ನೇ ಹೆಚ್ಚು ಸಂಭವನೀಯವೆಂದು ಕಂಡರು. ಭದ್ರಬಾಹು–ಚಂದ್ರಗುಪ್ತ ಮುನಿಗಳ ಜೋಡಿಯನ್ನು ಹೆಸರಿಸುವ ಏಳನೆಯ ಶತಮಾನದ ಚಿಕ್ಕಬೆಟ್ಟದ ಶಾಸನವೂ, ಸುಮಾರು 900ರ ಶ್ರೀರಂಗಪಟ್ಟಣ ಪರಿಸರದ ಶಾಸನಗಳೂ ಅವರಿಗೆ ಆಧಾರಗಳಾದವು.

ಇಬ್ಬರು ಚಂದ್ರಗುಪ್ತರು

ದೇವಚಂದ್ರನ ಗ್ರಂಥದಲ್ಲಿ ಎಲ್ಲರಿಗೂ ತೊಡಕಾಗಿ ಕಂಡ ಅಂಶವೊಂದುಂಟು. ಅವನು ಇಬ್ಬರು ಚಂದ್ರಗುಪ್ತರನ್ನು ಹೇಳುತ್ತಾನೆ: ಒಬ್ಬನು ಅಶೋಕನ ಅಜ್ಜ, ಇನ್ನೊಬ್ಬನು ಅಶೋಕನ ಮೊಮ್ಮಗ. ಭದ್ರಬಾಹುವಿನ ಶಿಷ್ಯನಾದವನು ಈ ಎರಡನೆಯವನು. ರೈಸ್ ಅವರು ಇದನ್ನು ದೂರಕಾಲದ ಪರಂಪರೆಯಲ್ಲಿ ಸೇರಿಕೊಂಡ ಗೊಂದಲವೆಂದರು. ಅಥವಾ ಅಶೋಕನು ಜಿನಮತವನ್ನು ಬಿಟ್ಟ ಸಂಗತಿಯನ್ನು ಮರೆಸಲು ಮಾಡಿದ ಕಲ್ಪನೆಯಿರಬಹುದೆಂದೂ ಶಂಕಿಸಿದರು. ಹತ್ತೊಂಬತ್ತನೆಯ ಶತಮಾನದ ಪಂಡಿತನೊಬ್ಬನ ಎಡವಟ್ಟು ಇದೆಂಬ ಭಾವನೆ ಬೇರೂರಲು ಇಷ್ಟೇ ಸಾಕಾಯಿತು.

ರೈಸ್ ಬರೆದಾಗ ‘ವಡ್ಡಾರಾಧನೆ’ ಮುದ್ರಿತವಾಗಿರಲಿಲ್ಲ. ಡಿ. ಎಲ್. ನರಸಿಂಹಾಚಾರ್ ಅವರು ಅದನ್ನು ಸಂಪಾದಿಸಿ 1949ರಲ್ಲಿ ಪ್ರಕಟಿಸಿದರು. ಹತ್ತನೆಯ ಶತಮಾನದ ಈ ಗದ್ಯಕೃತಿಯ ಹತ್ತೊಂಬತ್ತು ಕಥೆಗಳಲ್ಲಿ ಭದ್ರಬಾಹು ಭಟಾರರ ಕಥೆಯೂ ಒಂದು. ಅಲ್ಲಿಯೂ ಚಂದ್ರಗುಪ್ತ, ಬಿಂದುಸಾರ, ಅಶೋಕ, ಕುನಾಲ ಎಂಬ ಕ್ರಮದ ಬಳಿಕ ಸಂಪ್ರತಿ ಚಂದ್ರಗುಪ್ತನು ಬರುತ್ತಾನೆ. ಹದಿನಾರು ಕನಸುಗಳನ್ನು ಕಂಡು ದೀಕ್ಷೆ ವಹಿಸುವವನು ಅವನೇ. ರಾಮಚಂದ್ರ ಮುಮುಕ್ಷುವಿನ ‘ಪುಣ್ಯಾಸ್ರವ ಕಥಾಕೋಶ’ದಲ್ಲಿಯೂ ಇದೇ ಸಂಪ್ರದಾಯ ಕಂಡುಬರುತ್ತದೆ. ಆದುದರಿಂದ ಇಬ್ಬರು ಚಂದ್ರಗುಪ್ತರ ಕಥನವು ದೇವಚಂದ್ರನ ಕಲ್ಪನೆಯಲ್ಲ. ಅವನಿಗಿಂತ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ಗದ್ಯದಲ್ಲಿ ದಾಖಲಾಗಿದ್ದ ಪರಂಪರೆಯನ್ನು ಅವನು ತಿದ್ದದೆ ಮುಂದಕ್ಕೆ ಒಪ್ಪಿಸಿದನು.

ಇದರಿಂದ ಮೌರ್ಯ ಚಂದ್ರಗುಪ್ತನ ಆಗಮನವು ಸಿದ್ಧವಾಯಿತೆಂದಾಗಲಿ ಅಸಿದ್ಧವಾಯಿತೆಂದಾಗಲಿ ಹೇಳುವಂತಿಲ್ಲ. ಪರಂಪರೆಗಳೇ ಪರಸ್ಪರ ಭಿನ್ನವಾಗಿವೆ. 931ರ ಹರಿಷೇಣನ ‘ಬೃಹತ್ಕಥಾಕೋಶ’ದ ಪ್ರಕಾರ ಭದ್ರಬಾಹು ದಕ್ಷಿಣಕ್ಕೆ ಬರಲಿಲ್ಲ, ಉಜ್ಜಯಿನಿಯ ಸಮೀಪದ ಭಾದ್ರಪದ ದೇಶದಲ್ಲಿಯೇ ಸಮಾಧಿ ಹೊಂದಿದರು. ವಿಶಾಖಾಚಾರ್ಯರೆಂಬ ಹೆಸರನ್ನು ಪಡೆದ ಚಂದ್ರಗುಪ್ತನು ಸಂಘವನ್ನು ಪುನ್ನಾಟಕ್ಕೆ ಕರೆತಂದನು. ಕಪಿನಿಯ ದಡದ ಪುನ್ನಾಟವು ದೇವಚಂದ್ರನ ಊರಿಗೆ ದೂರವಲ್ಲ. ಸುಮಾರು 1680ರ ಚಿದಾನಂದ ಕವಿಯ ‘ಮುನಿವಂಶಾಭ್ಯುದಯ’ದ ನಿರೂಪಣೆ ಮತ್ತೊಂದು ಬಗೆಯದು. ಇವುಗಳಲ್ಲಿ ಯಾವುದು ಯಾವ ಕವಲಿಗೆ ಸೇರಿದುದೆಂದು ಬಿಡಿಸುವುದೇ ಇಲ್ಲಿ ಮುಖ್ಯವಾದ ಕಾರ್ಯ. ದೇವಚಂದ್ರನ ಕವಲು ‘ವಡ್ಡಾರಾಧನೆ’ಯದು, ಹರಿಷೇಣನದಲ್ಲ.

ವಿಶಾಲ ಹಿನ್ನೆಲೆ

ರಾಜ್ಯಾಧಿಕಾರ ಅನ್ಯರ ಕೈಯಲ್ಲಿದ್ದಾಗ ಹಳೆಯ ಗ್ರಂಥಗಳಲ್ಲಿಯೂ ಜನರ ಬಾಯಲ್ಲಿಯೂ ಉಳಿದ ನೆನಪನ್ನು ಕೂಡಿಹಾಕುವ ಪ್ರಯತ್ನ ಆ ಶತಮಾನದಲ್ಲಿ ಮೈಸೂರಿನಲ್ಲಿ ಮಾತ್ರ ನಡೆದುದಲ್ಲ. ಐರೋಪ್ಯ ದೇಶವಾದ ನಾರ್ವೆಯನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. 1814ರಲ್ಲಿ ತನ್ನ ಸಂವಿಧಾನವನ್ನು ರಚಿಸಿಕೊಂಡ ಆ ದೇಶವು ಅದೇ ವರ್ಷ ಸ್ವೀಡನ್ನಿನ ಅರಸನ ಅಧೀನಕ್ಕೆ ಬಂದು, 1905ರವರೆಗೆ ಆ ಒಕ್ಕೂಟದಲ್ಲಿ ಉಳಿಯಿತು. ಈ ಅವಧಿಯಲ್ಲಿಯೇ ಆಸ್ಬ್ಯೋರ್ನ್‌ಸೆನ್ ಮತ್ತು ಮೂ ಎಂಬಿಬ್ಬರು 1841ರಿಂದ ಜನಪದ ಕಥೆಗಳನ್ನು ಪ್ರಕಟಿಸತೊಡಗಿದರು. ಕೈಸರ್ ಮತ್ತು ಮುಂಕ್ ಹಳೆಯ ಕಾನೂನುಗಳ ಹಸ್ತಪ್ರತಿಗಳನ್ನು 1846ರಿಂದ ಸಂಪಾದಿಸಿದರು. ಭಾರತೀಯ ವಿದ್ಯೆಗೆ ಹೆಸರಾದ ಕ್ರಿಶ್ಚಿಯನ್ ಲಾಸೆನ್ ಕೂಡ 1800ರಲ್ಲಿ ಅಲ್ಲಿಯ ಬರ್ಗೆನ್ ಪಟ್ಟಣದಲ್ಲಿ ಜನಿಸಿದವರು.

ಉದ್ದೇಶ ಸಮಾನವಾದರೂ ಫಲ ಬೇರೆಯಾಯಿತು. ನಾರ್ವೆಯ ಸಂಗ್ರಾಹಕರಿಗೆ 1811ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವಿತ್ತು, ಮುದ್ರಣಾಲಯವಿತ್ತು. ಅವರ ಗ್ರಂಥಗಳು ಅವರ ಜೀವಿತಕಾಲದಲ್ಲಿಯೇ ಓದುಗರನ್ನು ತಲುಪಿದವು. ದೇವಚಂದ್ರನ ಗ್ರಂಥವು ಪ್ರತಿಗಳಲ್ಲಿಯೇ ಉಳಿಯಿತು. ಅದು ಬಿ. ಎಸ್. ಸಣ್ಣಯ್ಯನವರ ಸಂಪಾದಕತ್ವದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಿಂದ ಪ್ರಕಟವಾದುದು 1988ರಲ್ಲಿ. ಎಂದರೆ ರಚನೆಯಾದ ನೂರೈವತ್ತು ವರ್ಷಗಳ ತರುವಾಯ. ಈ ದೀರ್ಘಾವಧಿಯಲ್ಲಿ ಬಹುಮಂದಿ ದೇವಚಂದ್ರನನ್ನು ಅರಿತುದು ರೈಸ್ ಅವರ ಇಂಗ್ಲಿಷ್ ಸಂಗ್ರಹದ ಮೂಲಕ. ಮೂಲವನ್ನು ಕಾಣದೆಯೇ ಗ್ರಂಥದ ಬಗ್ಗೆ ತೀರ್ಪು ನೀಡಿದುದಕ್ಕೆ ಇದೇ ಕಾರಣ.

ಪರಿಶೀಲನೆಯ ಕ್ರಮ

‘ರಾಜಾವಳಿಕಥೆ’ಯನ್ನು ಬಳಸುವವರು ಅದರಲ್ಲಿ ಮೂರು ಸ್ತರಗಳನ್ನು ಬೇರ್ಪಡಿಸಬೇಕಾಗುತ್ತದೆ. ಮೊದಲನೆಯದು, ಹಳೆಯ ಗ್ರಂಥಗಳಿಂದ ಬಂದ ಭಾಗ. ಭದ್ರಬಾಹು ಪ್ರಕರಣದಂತೆ ಇದನ್ನು ಆಯಾ ಮೂಲಗಳೊಡನೆ ಹೋಲಿಸಿ ತೂಗಬಹುದು. ಎರಡನೆಯದು, ಕ್ಷೇತ್ರಗಳಲ್ಲಿಯೂ ಮನೆತನಗಳಲ್ಲಿಯೂ ಬಾಯಿಂದ ಬಾಯಿಗೆ ಬಂದ ಐತಿಹ್ಯ. ಬಿಟ್ಟಿದೇವನ ಹಾಗೂ ಕಂತಿಯ ಕಥೆಗಳಲ್ಲಿ ಇದರ ಅಂಶ ಹೆಚ್ಚು. ಇವು ಹನ್ನೆರಡನೆಯ ಶತಮಾನದ ಘಟನೆಗಳಿಗೆ ನೇರ ಪ್ರಮಾಣಗಳಲ್ಲ. ಆ ಶತಮಾನವನ್ನು ಜೈನ ಸಮಾಜವು ಹೇಗೆ ನೆನೆಯಿತೆಂಬುದಕ್ಕೆ ಪ್ರಮಾಣಗಳು. ಮೂರನೆಯದು, ಗ್ರಂಥಕರ್ತನು ಸ್ವತಃ ಕಂಡು ಕೇಳಿದ ಸಮಕಾಲೀನ ಸಂಗತಿ. ಮೆಕೆಂಜಿಯ ಭೇಟಿ, ಅರಮನೆಯ ಸಂಪರ್ಕ ಮೊದಲಾದವು ಇಲ್ಲಿ ಸೇರುತ್ತವೆ. ಇಲ್ಲಿ ಅವನ ಮಾತಿಗೆ ಮೊದಲ ಮನ್ನಣೆ ಸಲ್ಲಬೇಕು.

ಗ್ರಂಥದ ರಚನಾಕಾಲವನ್ನೂ ಅದರೊಳಗಿನ ಸಾಮಗ್ರಿಯ ಕಾಲವನ್ನೂ ಒಂದೇ ಎಂದು ಎಣಿಸಿದುದೇ ಹಿಂದಿನ ವಿಮರ್ಶೆಯ ಮೂಲದೋಷ. ಕಾಲದಿಂದ ಈಚಿನದಾದ ಪ್ರತಿಯೊಂದು ಪಾಠದಿಂದ ಹಳೆಯದಾಗಿರಬಹುದೆಂಬುದನ್ನು ಹಸ್ತಪ್ರತಿ ಸಂಪಾದಕರು ದಿನವೂ ಅನುಭವದಿಂದ ಬಲ್ಲರು. ಪ್ರತಿಗಳ ವಿಷಯದಲ್ಲಿ ಒಪ್ಪುವ ಈ ನಿಯಮವನ್ನು ಕೃತಿಗಳ ವಿಷಯದಲ್ಲಿಯೂ ಅನ್ವಯಿಸುವುದು ಉಚಿತ. ಬಸದಿಗಳ ಮತ್ತು ಮನೆಗಳ ಕಟ್ಟುಗಳಲ್ಲಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಗದ್ಯಕಥೆಗಳೂ ಸ್ಥಳಪುರಾಣಗಳೂ ಇನ್ನೂ ಉಳಿದಿವೆ. ಈಚಿನವೆಂಬ ಒಂದೇ ಕಾರಣದಿಂದ ಅವುಗಳ ಸೂಚಿಯನ್ನು ಮುಂದೂಡುವುದು ಸಲ್ಲದು. ‘ವಡ್ಡಾರಾಧನೆ’ಯು ಬೆಳಕಿಗೆ ಬಂದ ಮೇಲೆ ದೇವಚಂದ್ರನ ಮೇಲಿನ ಒಂದು ಆಕ್ಷೇಪ ಬಿದ್ದುಹೋಯಿತು. ಉಳಿದ ಆಕ್ಷೇಪಗಳಲ್ಲಿ ಎಷ್ಟು ನಿಲ್ಲುತ್ತವೆ, ಎಷ್ಟು ಬೀಳುತ್ತವೆ ಎಂಬುದು ಇನ್ನೂ ಬಿಚ್ಚದೆ ಇರುವ ಕಟ್ಟುಗಳನ್ನು ಅವಲಂಬಿಸಿದೆ.