ಕೆಂಪು ಕಲ್ಲಿಗೇಕೆ ಇಷ್ಟು ಬೆಲೆ?

ಮಕ್ಕಳೇ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡಿ ಬೆಲೆ ಕಟ್ಟುತ್ತಾರೆ, ಅಲ್ಲವೇ? ಕಲ್ಲಿಗೂ ಹೀಗೆ ಬೆಲೆ ಕಟ್ಟುವುದುಂಟು. ಅಂಥ ಒಂದು ಕಲ್ಲು ಜಾಸ್ಪರ್.

ಜಾಸ್ಪರ್ ಎಂದರೆ ಬಹಳ ಸಣ್ಣ ಕಣಗಳಿಂದಾದ ಬೆಣಚುಕಲ್ಲು. ಇದರಲ್ಲಿ ಬೆರೆತ ಕಬ್ಬಿಣದ ಆಕ್ಸೈಡ್ ಕೆಂಪು ಬಣ್ಣ ಕೊಡುತ್ತದೆ. ಸಾಮಾನ್ಯ ಜಾಸ್ಪರ್ ಅಪರೂಪವೇನಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ನಡುವೆ ಇದರ ಕೆಂಪು ಪಟ್ಟೆಗಳಿವೆ. ಅವು 250 ಕೋಟಿ ವರ್ಷಗಳಿಗಿಂತಲೂ ಹಳೆಯವು!

ಹಾಗಾದರೆ ಕೆಲವು ಜಾಸ್ಪರ್ ದುಬಾರಿ ಏಕೆ? ಹವ್ಯಾಸಕ್ಕಾಗಿ ಕಲ್ಲು ಕೊಯ್ದು ಹೊಳಪು ಕೊಡುವವರಿಗೆ ಅಂದವಾದ ಚಿತ್ತಾರವಿರುವ, ಬಿರುಕಿಲ್ಲದ ತುಂಡು ಬೇಕು. ಬಿರುಕಿದ್ದರೆ ಕೊಯ್ಯುವಾಗಲೇ ಒಡೆಯುತ್ತದೆ. ಆದ್ದರಿಂದ ರಾಶಿಯಲ್ಲಿ ಆರಿಸಿದರೂ ಒಳ್ಳೆಯ ತುಂಡುಗಳು ಕೆಲವೇ. ಕೆಲವು ಚಿತ್ತಾರಗಳಂತೂ ಒಂದೆರಡು ಜಾಗಗಳಲ್ಲಿ ಮಾತ್ರ ಸಿಗುತ್ತವೆ. ಮಡಗಾಸ್ಕರ್ ದ್ವೀಪದ ಕಡಲತೀರದಲ್ಲಿ ಉಂಗುರದಂಥ ಚಿತ್ತಾರದ 'ಓಷನ್ ಜಾಸ್ಪರ್' ಇದೆ. ಮೊದಲು ಅಗೆದ ಜಾಗದಲ್ಲಿ ಅದು ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು.

ಮೆಣಸಿನಕಾಯಿಯನ್ನು ಮುಂದಿನ ವರ್ಷ ಮತ್ತೆ ಬೆಳೆಯಬಹುದು. ಕಲ್ಲನ್ನು ಬೆಳೆಯಲಾದೀತೇ?

ಮಾಡಿ ನೋಡಿ: ಹಿರಿಯರೊಂದಿಗೆ ರಾಣೆಬೆನ್ನೂರಿನ ಕಡೆಯ ತುಂಗಭದ್ರೆ ಅಥವಾ ಹಾವೇರಿಯ ಕಡೆಯ ವರದಾ ನದಿಯ ದಂಡೆಗೆ ಹೋದಾಗ ಕೆಂಪು ಕಲ್ಲು ಹುಡುಕಿ. ಕಬ್ಬಿಣದ ಮೊಳೆಯಿಂದ ಗೀಚಿ. ಇಟ್ಟಿಗೆಯ ಚೂರಾದರೆ ಗೀರು ಬೀಳುತ್ತದೆ. ಜಾಸ್ಪರ್ ಆದರೆ ಬೀಳುವುದಿಲ್ಲ.