ಬಂಕಾಪುರದಲ್ಲಿ ಕಂಬದ ಲೆಕ್ಕ, ನವಿಲಿನ ಕೂಗು

ಭಾನುವಾರ ಮಕ್ಕಳನ್ನು ಹೊರಗೆ ಕರೆದೊಯ್ದರೆ ಟಿಕೆಟ್ಟು, ತಿಂಡಿ, ಆಟಿಕೆ ಅಂತ ಜೇಬು ಖಾಲಿಯಾಗುತ್ತದೆ. ಹಾವೇರಿ ಜಿಲ್ಲೆಯವರಿಗೆ ಆ ಚಿಂತೆ ಬೇಡ. ರೊಟ್ಟಿ ಬುತ್ತಿ ಕಟ್ಟಿಕೊಂಡು ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಗೆ ಹೋದರಾಯಿತು.

ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರು ಹೊತ್ತ ಊರಿದು. ಚಾಲುಕ್ಯರ ಕಾಲದಲ್ಲಿ ಬೆಳೆಯಿತು, 1570ರ ದಶಕದಲ್ಲಿ ವಿಜಯಪುರದ ಆದಿಲ್‌ಶಾಹಿಗಳ ವಶವಾಯಿತು. ಕೋಟೆ ಈಗ ಪಾಳುಬಿದ್ದಿದೆ. ಆದರೆ ಒಳಗಿನ ನಗರೇಶ್ವರ ಗುಡಿಯ ಮಂಟಪ ಗಟ್ಟಿಯಾಗಿ ನಿಂತಿದೆ. ಜನ ಕರೆಯುವುದು 'ಅರವತ್ತು ಕಂಬದ ಗುಡಿ' ಎಂದೇ. ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿರುವುದರಿಂದ ಇಳಿದು ಒಳಹೋಗಬೇಕು. ಕಂಬಗಳನ್ನು ಮಕ್ಕಳೇ ಎಣಿಸಲಿ. ಸಾಲು ತಪ್ಪುತ್ತದೆ, ಜಗಳವಾಗುತ್ತದೆ, ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ತಿರುಗಣಿಯಲ್ಲಿಟ್ಟು ಕಡೆದ ಕಂಬಗಳ ಮೈಮೇಲೆ ಬಳೆ ತೊಡಿಸಿದಂತೆ ಉಂಗುರಗಳಿವೆ. ನುಣುಪು ಇನ್ನೂ ಮಾಸಿಲ್ಲ. ಯಂತ್ರವಿಲ್ಲದ ಕಾಲದಲ್ಲಿ ಇಷ್ಟು ಭಾರದ ಕಲ್ಲನ್ನು ತಿರುಗಿಸಿದ್ದು ಹೇಗೆ? ಈ ಪ್ರಶ್ನೆಯನ್ನು ಮಕ್ಕಳಿಗೇ ಬಿಡಿ.

ಕೋಟೆಯ ಸುಮಾರು 139 ಎಕರೆ 2006ರಿಂದ ನವಿಲು ಸಂರಕ್ಷಣಾ ಮೀಸಲು. ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವೂ ಇಲ್ಲೇ ಇರುವುದರಿಂದ ಮೇವಿನ ಹೊಲ, ಪೊದೆ, ನೀರು ಮೂರೂ ನವಿಲಿಗೆ ಒದಗಿವೆ. ಬಿಸಿಲೇರಿದರೆ ಅವು ಪೊದೆ ಸೇರುತ್ತವೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ.

ಹೊತ್ತು ಉಳಿದರೆ ಸವಣೂರಿಗೆ ಹೋಗಬಹುದು. ಅಲ್ಲಿನ ದೊಡ್ಡಹುಣಸೆ ಕಲ್ಮಠದಲ್ಲಿ ಆಫ್ರಿಕಾ ಮೂಲದ ಮೂರು ಬಾವೊಬಾಬ್ ಮರಗಳಿವೆ. ಮನೆಮಂದಿಯೆಲ್ಲ ಕೈಕೈ ಹಿಡಿದು ನಿಂತರೂ ಬುಡ ತಬ್ಬುವುದು ಕಷ್ಟ. 2023ರ ಮಳೆಗಾಲದಲ್ಲಿ ಒಂದು ಮರ ಬೇರುಸಹಿತ ಉರುಳಿತು. ಅದನ್ನೆತ್ತಿ ಮತ್ತೆ ನೆಟ್ಟರು, ಚಿಗುರಿತು. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಇನ್ನೊಂದು ಭಾನುವಾರ ಮೀಸಲಿಡಿ. ಮಂಟಪದ ಛತ್ತಿನಲ್ಲಿ ಅರಳಿದ ಕಲ್ಲಿನ ತಾವರೆಯನ್ನು ಕತ್ತೆತ್ತಿ ನೋಡುವುದಕ್ಕೇ ಹೊತ್ತು ಬೇಕು. ಹಿರೇಕೆರೂರಿನ ಕಡೆಯವರಿಗೆ ಶಿವಶರಣ ಏಕಾಂತದ ರಾಮಯ್ಯನ ಅಬಲೂರು ಹತ್ತಿರ. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಅವನ ಕಥೆ ಶಾಸನದಲ್ಲೇ ಇದೆ.

ಈ ಗುಡಿಗಳಿಗೆ ಟಿಕೆಟ್ ಇಲ್ಲ. ಹಾಗೆಂದು ಕೇಳುವವರಿಲ್ಲ ಎಂದುಕೊಳ್ಳಬೇಡಿ. ಕಂಬದ ಮೇಲೆ ಹೆಸರು ಕೆತ್ತಬೇಡಿ, ನವಿಲನ್ನು ಅಟ್ಟಿಸಬೇಡಿ, ಬುತ್ತಿಯ ಪ್ಲಾಸ್ಟಿಕ್ಕನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತನ್ನಿ.