ಮೂಲೆಯ ಪುಟ್ಟ ಅಕ್ಷರಗಳು

ಪುಲಿಕೇಶಿನಗರದ ಒಂದು ಮನೆಯಲ್ಲಿ ಭಾನುವಾರದ ಚಿತ್ರಕ್ಕಾಗಿ ವಾಗ್ವಾದ ನಡೆದಿದೆಯೆಂದು ಭಾವಿಸಿಕೊಳ್ಳಿ. ಹದಿನೈದರ ಅಣ್ಣನಿಗೆ ಹೊಡೆದಾಟದ ಚಿತ್ರ ಬೇಕು. ಎಂಟರ ತಂಗಿಗೆ ಅಣ್ಣ ಹೋದಲ್ಲಿಗೆ ತಾನೂ ಹೋಗಲೇಬೇಕು. ತಂದೆಗೆ ಟಿಕೆಟ್ಟಿನ ಬೆಲೆಯ ಚಿಂತೆ. ಬಡಾವಣೆಯ ಎವರೆಸ್ಟ್ ಚಿತ್ರಮಂದಿರಕ್ಕೆ ನಡೆದೇ ಹೋಗುತ್ತಿದ್ದ ದಿನಗಳನ್ನು ಅಜ್ಜಿ ನೆನೆಯುತ್ತಾರೆ. “ಮಕ್ಕಳು ನೋಡುವಂಥದೇ ಎಂಬುದನ್ನು ಮೊದಲು ತಿಳಿಯೋಣ” ಎನ್ನುವವರು ತಾಯಿ ಒಬ್ಬರೇ. ತಿಳಿಯುವುದೆಲ್ಲಿ? ಜಾಹೀರಾತಿನ ಮೂಲೆಯಲ್ಲಿ, ನಾಯಕನ ಮೀಸೆಗಿಂತಲೂ ಚಿಕ್ಕದಾಗಿ ಅಚ್ಚಾದ ಅಕ್ಷರಗಳಲ್ಲಿ!

ಆ ಅಕ್ಷರಗಳಿಗೆ ಒಂದು ಇತಿಹಾಸವುಂಟು. ಸರ್ವರಿಗೂ ‘ಯು’, ವಯಸ್ಕರಿಗೆ ಮಾತ್ರ ‘ಎ’ ಎಂಬ ವಿಂಗಡಣೆ 1949ರಲ್ಲಿ ಬಂದಿತು. 1952ರ ಚಲನಚಿತ್ರ ಕಾಯಿದೆ ಅದನ್ನು ಉಳಿಸಿಕೊಂಡಿತು. ನಡುವಿನ ‘ಯುಎ’ ಹುಟ್ಟಿದ್ದು 1983ರಲ್ಲಿ. ಅದೇ ವರ್ಷ ಮಂಡಳಿಯ ಹೆಸರಿನಿಂದ ‘ಸೆನ್ಸಾರ್’ ಎಂಬ ಪದ ಹೊರಬಿದ್ದಿತು. ಜನರ ನಾಲಗೆಯಿಂದ ಮಾತ್ರ ಇನ್ನೂ ಬಿದ್ದಿಲ್ಲ. ಮಂಡಳಿಯ ಅಭಿಪ್ರಾಯವೇ ಕೊನೆಯದೆಂದೂ ಅಲ್ಲ. ‘ಸಂಸ್ಕಾರ’ಕ್ಕೆ ಮದರಾಸಿನ ಸೆನ್ಸಾರರು ಮೊದಲು ಅನುಮತಿ ನಿರಾಕರಿಸಿದ್ದರು, ಬಿಡುಗಡೆಯ ಭಾಗ್ಯ ಕಂಡ ಅದೇ ಚಿತ್ರ 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು.

ತಾಯಂದಿರನ್ನು ಹೆಚ್ಚು ಕಾಡಿದ್ದು ‘ಯುಎ’. ಹನ್ನೆರಡು ತುಂಬದ ಮಕ್ಕಳ ವಿಷಯದಲ್ಲಿ ಹಿರಿಯರು ವಿವೇಚಿಸಬೇಕು ಎಂಬಷ್ಟೇ ಅದರ ಅರ್ಥ. ಐದರ ಮಗುವಿಗೂ ಹನ್ನೊಂದರ ಹುಡುಗನಿಗೂ ಅಳತೆ ಒಂದೇ! 2023ರ ತಿದ್ದುಪಡಿ ಅದನ್ನು 7, 13, 16 ಎಂದು ಮೂರಾಗಿ ಒಡೆಯಿತು. ಇವು ತಂದೆತಾಯಿಯರಿಗೆ ನೀಡಿದ ಸೂಚನೆಗಳೇ ಹೊರತು ನಿಷೇಧಗಳಲ್ಲ. ‘ಎ’ ಚಿತ್ರದ ಮಾತು ಬೇರೆ. ಹದಿನೆಂಟು ತುಂಬದವರಿಗೆ ಅಲ್ಲಿ ಪ್ರವೇಶವಿಲ್ಲ. ತಂದೆಯೇ ಕೈಹಿಡಿದು ಕರೆತಂದರೂ ಇಲ್ಲ.

ಮನೆಯೊಳಗಿನ ಪರದೆಗೆ ದ್ವಾರಪಾಲಕನಿಲ್ಲ. ಅಂತರ್ಜಾಲದ ಚಿತ್ರಸೇವೆಗಳು ತಮ್ಮ ಚಿತ್ರಗಳನ್ನು ಹೀಗೆಯೇ ವಿಂಗಡಿಸಬೇಕೆಂದೂ, 13ರ ಗುರುತಿನವಕ್ಕೂ ಅದಕ್ಕೆ ಮೇಲ್ಪಟ್ಟವಕ್ಕೂ ಬೀಗ ಹಾಕುವ ಅನುಕೂಲ ಒದಗಿಸಬೇಕೆಂದೂ 2021ರ ನಿಯಮಗಳು ವಿಧಿಸಿವೆ. ಬೀಗ ಹಾಕಬೇಕಾದವರು ಹಿರಿಯರು. ಅದನ್ನು ಹಾಕುವ ಕ್ರಮವನ್ನು ಅವರಿಗೆ ಕಲಿಸಿಕೊಡುವವನು ಬಹುಮಟ್ಟಿಗೆ ಮನೆಯ ಹುಡುಗನೇ!

ಚಿತ್ರ ಚೆನ್ನಾಗಿದೆಯೇ ಎಂಬುದನ್ನು ಈ ಗುರುತು ಹೇಳುವುದಿಲ್ಲ. ‘ಯು’ ಚಿತ್ರದಲ್ಲಿ ಮಕ್ಕಳು ಆಕಳಿಸಿಯಾರು. ಪುಲಿಕೇಶಿನಗರದ ಆ ಮನೆಯವರು ಆರಿಸಿದ ಚಿತ್ರಕ್ಕೆ 13ರ ಗುರುತಿದ್ದರೆ ತಂಗಿಯನ್ನು ಬಾಗಿಲಲ್ಲಿ ಯಾರೂ ತಡೆಯರು. ನಡುರಾತ್ರಿಯಲ್ಲಿ ಅವಳು ಬೆಚ್ಚಿ ಎದ್ದಾಗ ದೀಪ ಹಚ್ಚಿ ಪಕ್ಕದಲ್ಲಿ ಕುಳಿತುಕೊಳ್ಳಬೇಕಾದವರು ತಾಯಿ. ಆದ್ದರಿಂದಲೇ ಅವರು ಜಾಹೀರಾತನ್ನು ಮತ್ತೊಮ್ಮೆ ದೀಪದ ಬಳಿ ಹಿಡಿಯುತ್ತಾರೆ.